ಕಾಲಲ್ಲಿ ತಂತಿ ಎಳೆಯುವ ವಾದ್ಯ

ಚಿಕ್ಕವಳಿದ್ದಾಗ ಮೈಸೂರಿನಲ್ಲಿ ಎಂಟು ವರ್ಷ ವೀಣೆ ಕಲಿತಿದ್ದೆ. ಅದೇ ಧೈರ್ಯದ ಮೇಲೆ ಇಲ್ಲಿ ಡಲ್ಲಾಸ್ ಹತ್ತಿರ ಒಂದು ಹಳೇ ಪೆಡಲ್ ಸ್ಟೀಲ್ ಗಿಟಾರ್ ಕೊಂಡು ತಂದೆ. ಮೇಜಿನ ಹಾಗೆ ಮುಂದೆ ಮಲಗಿಸಿಟ್ಟು, ಕಾಲಲ್ಲಿ ಪೆಡಲ್ ಒತ್ತಿ ನುಡಿಸುವ ಗಿಟಾರ್ ಅದು. ತಂತಿ ವಾದ್ಯ ತಾನೇ, ಎರಡು ತಿಂಗಳಲ್ಲಿ ಬಂದುಬಿಡುತ್ತೆ ಅಂದುಕೊಂಡಿದ್ದೆ. ಎರಡು ವರ್ಷ ಆಯ್ತು, ಈಗ ಒಂದು ಹಾಡು ಮರ್ಯಾದೆಯಾಗಿ ಬರುತ್ತೆ.

ಹುಚ್ಚು ಹಿಡಿಸಿದ್ದು ಅಮೆರಿಕದ ಕಂಟ್ರಿ ಸಂಗೀತದ ಗಾಯಕ ಬಕ್ ಓವೆನ್ಸ್‌ನ 1965ರ ಆಲ್ಬಂ, ‘ಐವ್ ಗಾಟ್ ಎ ಟೈಗರ್ ಬೈ ದ ಟೇಲ್’. ಹನ್ನೆರಡು ಹಾಡು, ಎಲ್ಲ ಸೇರಿ ಅರ್ಧ ಗಂಟೆಯೂ ಇಲ್ಲ. ಆತ ಹುಟ್ಟಿದ್ದು ಇಲ್ಲೇ ಉತ್ತರಕ್ಕಿರುವ ಶೆರ್ಮನ್‌ನಲ್ಲಿ, ಹೆಸರು ಮಾಡಿದ್ದು ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡ್‌ನಲ್ಲಿ. ಅಲ್ಲಿ ನುಡಿಸುತ್ತಿದ್ದದ್ದು ಹಾಂಕಿ-ಟಾಂಕ್‌ಗಳಲ್ಲಿ, ಅಂದರೆ ಬಿಯರ್ ಕುಡಿದು ಕುಣಿಯುವ ಜಾಗಗಳಲ್ಲಿ. ಆ ಗಲಾಟೆಯ ಮೇಲೆ ಕೇಳಿಸಬೇಕಲ್ವಾ, ಅದಕ್ಕೇ ಎಲೆಕ್ಟ್ರಿಕ್ ಗಿಟಾರ್, ಗಟ್ಟಿ ಡ್ರಮ್ಸ್. ಆಗ ಕಂಟ್ರಿ ಸಂಗೀತದ ಕೇಂದ್ರ ನ್ಯಾಶ್‌ವಿಲ್‌ನಲ್ಲಿ ವಯಲಿನ್ ಗುಂಪು, ಕೋರಸ್ ಎಲ್ಲ ಸೇರಿಸಿ ಹಾಡನ್ನು ನುಣ್ಣಗೆ ಮಾಡುತ್ತಿದ್ದರು. ಈತ ಅದರ ತಂಟೆಗೇ ಹೋಗಲಿಲ್ಲ. ಕಾರಿನ ಎಎಂ ರೇಡಿಯೋದಲ್ಲಿ ಎದ್ದು ಕೇಳಿಸಲಿ ಅಂತ ಟ್ರೆಬಲ್ (ತೀಕ್ಷ್ಣವಾದ ಮೇಲಿನ ಸ್ವರಗಳು) ಜಾಸ್ತಿ ಇಡಿಸಿದ. ಹೆಡ್‌ಫೋನ್‌ನಲ್ಲಿ ಸ್ವಲ್ಪ ಚುಚ್ಚುತ್ತೆ, ಕಾರಲ್ಲೇ ಕೇಳಿ.

ನಾನು ಹಿಡಿದುಕೊಂಡದ್ದು ‘ಕ್ರೈಯಿಂಗ್ ಟೈಮ್’. ಮುಂದೆ ರೇ ಚಾರ್ಲ್ಸ್ ಹಾಡಿ ದೊಡ್ಡ ಹಿಟ್ ಮಾಡಿದ ಹಾಡು. ನನಗೆ ಮಾತ್ರ ಮೂಲದ್ದೇ ಇಷ್ಟ, ಓವೆನ್ಸ್ ತಂಡದ ಟಾಮ್ ಬ್ರಮ್ಲಿಯ ಪೆಡಲ್ ಸ್ಟೀಲ್‌ಗಾಗಿ.

ವಾದ್ಯದ ಲೆಕ್ಕ ನಮ್ಮ ಸ್ವರದಲ್ಲಿ ಹೇಳಿದರೆ ಬೇಗ ತಿಳಿಯುತ್ತೆ. ಹತ್ತು ತಂತಿ, ಶ್ರುತಿ ‘ಇ’. ಎಡಗೈಯಲ್ಲಿ ಉಕ್ಕಿನ ಕಡ್ಡಿ, ಬಲಗೈ ಬೆರಳಿಗೆ ಪಿಕ್, ಎಡಗಾಲಿಗೆ ಮೂರು ಪೆಡಲ್, ಮೊಣಕಾಲಿಗೆ ಲಿವರ್, ಬಲಗಾಲಿಗೆ ವಾಲ್ಯೂಮ್. ಮೊದಲ ಪೆಡಲ್ ಒತ್ತಿದರೆ ಪಂಚಮ ಚತುಶ್ರುತಿ ಧೈವತಕ್ಕೆ ಏರುತ್ತೆ. ಎರಡನೆಯದು ಅಂತರ ಗಾಂಧಾರವನ್ನು ಶುದ್ಧ ಮಧ್ಯಮಕ್ಕೆ ಏರಿಸುತ್ತೆ. ಎರಡೂ ಒಟ್ಟಿಗೆ ಒತ್ತಿದರೆ ಸ-ಗ-ಪ ಇದ್ದದ್ದು ಸ-ಮ-ಧ ಆಗುತ್ತೆ, ಷಡ್ಜ ಮಾತ್ರ ಅಲ್ಲಾಡದೆ ಕೂತಿರುತ್ತೆ. ಮೊದಲ ಸಲ ಆ ಶಬ್ದ ಬಂದಾಗ ಒಬ್ಬಳೇ ನಕ್ಕುಬಿಟ್ಟೆ. ವೀಣೆಯಲ್ಲಿ ಬೆರಳು ತಂತಿಯನ್ನು ಪಕ್ಕಕ್ಕೆ ಎಳೆಯುತ್ತೆ, ಇಲ್ಲಿ ಆ ಕೆಲಸ ಕಾಲಿಗೆ ಬಂದಿದೆ, ಅಷ್ಟೇ.

ಅಷ್ಟೇ ಅಂದುಕೊಂಡದ್ದೇ ತಪ್ಪು. ಕಾಲು ನಿಧಾನ ಮಾಡಿ ಎಲ್ಲದಕ್ಕೂ ಗಮಕ ಹಾಕತೊಡಗಿದೆ. ಒಬ್ಬ ಹಿರಿಯ ವಾದಕರು ಕೇಳಿ, ಹಾಡೋರಿಗಿಂತ ನಿನ್ನ ಗಿಟಾರೇ ಜಾಸ್ತಿ ಅಳ್ತಿದೆ ಅಂದರು. ಬ್ರಮ್ಲಿ ಎಲ್ಲಿ ಸುಮ್ಮನಿದ್ದಾನೆ ನೋಡು ಅಂದರು. ಕಾಗದದ ಮೇಲೆ ಸಾಲುಸಾಲಾಗಿ ಗುರುತು ಹಾಕಿದೆ. ಗಾಯಕ ಉಸಿರು ತಗೊಳ್ಳೋ ಜಾಗದಲ್ಲಿ ನಾಲ್ಕು ಸ್ವರ, ಆಮೇಲೆ ಏನೂ ಇಲ್ಲ.

ಇನ್ನೊಂದು ಕಷ್ಟ, ಶಬ್ದವನ್ನು ಕತ್ತರಿಸೋದು. ವೀಣೆಯಲ್ಲಿ ಮೀಟಿದ ಮೇಲೆ ಸ್ವರ ತಾನಾಗಿ ಸಾಯಲಿ ಅಂತ ಬಿಡುತ್ತಿದ್ದೆ. ಇಲ್ಲಿ ಬಿಟ್ಟರೆ ಹಳೇ ಸ್ವರ ಹೊಸದರ ಮೇಲೆ ಬಿದ್ದು ಗೊಜ್ಜು. ಅಂಗೈಯ ಅಂಚನ್ನು ತಂತಿಗೆ ತಾಗಿಸಿ ತಡೆಯಬೇಕು, ಆ ತಡೆ ಮುಂದಿನ ಮೀಟಿಗಿಂತ ಮುಂಚೆಯೇ ಆಗಬೇಕು. ತಾಳ ಕೊಡುವ ಮೆಟ್ರೊನೋಮನ್ನು ನಿಮಿಷಕ್ಕೆ 60 ಬಡಿತಕ್ಕೆ ಇಟ್ಟು, ಒಂದೇ ತಂತಿ, ಮೀಟು-ತಡೆ, ಮೀಟು-ತಡೆ, ದಿನಕ್ಕೆ ಇಪ್ಪತ್ತು ನಿಮಿಷ. ನಾಲ್ಕು ತಿಂಗಳು ಹಾಡನ್ನೇ ಮುಟ್ಟಲಿಲ್ಲ. ಮನೆಯವರು ತಾಳ್ಮೆಯಿಂದ ಬಾಗಿಲು ಹಾಕಿಕೊಂಡರು.

ಹೋದ ತಿಂಗಳು ಸ್ನೇಹಿತರ ಗ್ಯಾರೇಜಿನಲ್ಲಿ ಪೂರ್ತಿ ಹಾಡು ನುಡಿಸಿದೆವು. ನನ್ನ ಭಾಗ ಚೆನ್ನಾಗೇ ಬಂತು. ಕೊನೆಯ ಕಾರ್ಡಿಗೆ (ಒಟ್ಟಿಗೆ ನುಡಿಸುವ ಸ್ವರಗುಂಪಿಗೆ) ಪೆಡಲಿನಿಂದ ಕಾಲು ಎತ್ತೋದು ಮರೆತೆ. ಬೇರೆಯವರೆಲ್ಲ ಸ-ಗ-ಪ ಹಿಡಿದು ಮುಗಿಸಿದರೆ ನಾನೊಬ್ಬಳೇ ಸ-ಮ-ಧದಲ್ಲಿ ನಿಂತಿದ್ದೆ.