ಇಂಗ್ಲೆಂಡ್‌ಗೆ ಬಂದಿದ್ದೀರಾ, ಮಕ್ಕಳು ಕೆಲಸಕ್ಕೆ ಹೋಗ್ತೀನಿ ಅಂತಿದ್ದಾರಾ?

ನಮ್ಮ ಮಗಳಿಗೆ 14. ಇಲ್ಲಿಗೆ ಬಂದು ಆರು ತಿಂಗಳಾಗಿಲ್ಲ, ಆಗಲೇ ಮನೆ ಹತ್ತಿರದ ಕೆಫೆಯಲ್ಲಿ ಕೆಲಸ ಹಿಡಿದುಬಿಟ್ಟಳು. ಮಾಡಲಿ ಬಿಡಿ, ಆದರೆ ಮಕ್ಕಳು ಕೆಲಸ ಮಾಡೋಕೆ ಬೇಕಾದ ಪರ್ಮಿಟ್ ಇಲ್ಲದೆ ಸುಮ್ನೆ ಕಳಿಸಬೇಡಿ. ಕೆಲಸ ಕೊಡುವವರೇ ಕೌನ್ಸಿಲ್‌ಗೆ (ಊರಿನ ಸ್ಥಳೀಯ ಆಡಳಿತ) ಅರ್ಜಿ ಹಾಕಬೇಕು. ನಮ್ಮ ಕೆಫೆಯವರು "ಆಮೇಲೆ ನೋಡೋಣ" ಅಂತ ಮೂರು ವಾರ ತಳ್ಳಿದರು, ಅಷ್ಟರಲ್ಲಿ ಬಿಸಿನೀರು ಕೈಮೇಲೆ ಬಿದ್ದಿದ್ದರೆ ಪರ್ಮಿಟ್ ಇಲ್ಲ ಅಂದಮೇಲೆ ಅವರ ಇನ್ಶೂರೆನ್ಸ್ ನಮಗೆ ಪರಿಹಾರ ಕೊಡುತ್ತಿತ್ತಾ?

14ರ ಮಕ್ಕಳು ಹೆಚ್ಚೆಂದರೆ ಸ್ಕೂಲ್ ದಿನ 2 ಗಂಟೆ, ಭಾನುವಾರವೂ 2, ಶನಿವಾರ 5 ಗಂಟೆ ಕೆಲಸ ಮಾಡಬಹುದು. ಸ್ಕೂಲ್ ಇರುವ ವಾರದಲ್ಲಿ ಒಟ್ಟು 12 ಗಂಟೆ ದಾಟುವಂತಿಲ್ಲ, ಬೆಳಿಗ್ಗೆ 7ರ ಮೊದಲು, ಸಂಜೆ 7ರ ನಂತರವೂ ಇಲ್ಲ.

ಇನ್ನೊಂದು, 16ರ ಹುಟ್ಟುಹಬ್ಬ ಆದ ತಕ್ಷಣ ಇದೆಲ್ಲ ಮುಗಿಯಲ್ಲ, ಆ ಶಾಲಾ ವರ್ಷದ ಜೂನ್ ಕೊನೇ ಶುಕ್ರವಾರದವರೆಗೂ ಕಾಯಬೇಕು. ಅಲ್ಲಿವರೆಗೆ ಕನಿಷ್ಠ ವೇತನದ ಕಾನೂನೂ ಅನ್ವಯಿಸಲ್ಲ, ಹಾಗಾಗಿ ಗಂಟೆಗೆ ಎಷ್ಟು ಅಂತ ಮೊದಲೇ ಬರೆಸಿಕೊಳ್ಳಿ.