ಒಬ್ಬಟ್ಟಿನ ಹೂರಣ: ನಾನು ಮಾಡುವ ರೀತಿ

ಒಬ್ಬಟ್ಟು ತಟ್ಟುವಾಗ ಹರಿದರೆ ಎಲ್ಲರೂ ಕಣಕವನ್ನೇ, ಅಂದರೆ ಹೊರಗಿನ ಹಿಟ್ಟನ್ನೇ, ಬೈಯುತ್ತಾರೆ. ಹೂರಣದಲ್ಲಿ ನೀರು ಉಳಿದಿದ್ದರೆ ಕಣಕ ಎಷ್ಟು ನೆನೆದು ಏನು ಪ್ರಯೋಜನ? ನಮ್ಮನೆಯಲ್ಲಿ ಯುಗಾದಿಗೆ ಹೂರಣದ ಕೆಲಸ ನನ್ನದೇ. ಅದರಲ್ಲಿ ಅರ್ಧ ಕೆಲಸ ನೀರು ಓಡಿಸುವುದು.

ನಾವು ಮೈಸೂರು ಕಡೆಯವರು, ತೊಗರಿಬೇಳೆ ಹಾಕುತ್ತೇವೆ. ಧಾರವಾಡದ ಕಡೆ ಕಡಲೆಬೇಳೆ. ಕಡಲೆಬೇಳೆಯ ಹೂರಣ ಗಟ್ಟಿಯಾಗಿ ನಿಲ್ಲುತ್ತದೆ, ಹೊಸಬರಿಗೆ ಅದೇ ಸುಲಭ. ರುಚಿಗೆ ಮಾತ್ರ ನನ್ನ ವೋಟು ತೊಗರಿಗೆ.

ಕುಕ್ಕರ್ ಬಳಸುವುದಿಲ್ಲ. ಅದರಲ್ಲಿ ಒಂದು ಕೂಗು ಹೆಚ್ಚಾದರೂ ಬೇಳೆ ಕರಗಿ ಗಂಜಿಯಾಗುತ್ತದೆ. ಅಗಲ ಪಾತ್ರೆಯಲ್ಲಿ ನೀರು ಕುದಿ ಬಂದ ಮೇಲೆ ತೊಳೆದ ಬೇಳೆ, ಚಿಟಿಕೆ ಅರಿಶಿನ, ಒಂದು ಚಮಚ ಎಣ್ಣೆ. ನೀರು ಧಾರಾಳವಾಗಿರಲಿ, ಒಬ್ಬಟ್ಟಿನ ಸಾರು ಮಾಡಲು ಕಟ್ಟು, ಅಂದರೆ ಬೇಳೆ ಬೆಂದ ನೀರು, ಬೇಕಲ್ವಾ. ಎರಡು ಬೆರಳಲ್ಲಿ ಹಿಚುಕಿದರೆ ಬೇಳೆ ಹಿಟ್ಟಾಗಬೇಕು, ಪಾತ್ರೆಯಲ್ಲಿ ಮಾತ್ರ ಅದರ ಆಕಾರ ಉಳಿದಿರಬೇಕು. ಬೆಲ್ಲ ಬಿದ್ದ ಮೇಲೆ ಬೇಳೆ ಸರಿಯಾಗಿ ಬೇಯುವುದಿಲ್ಲ, ಹಾಗಾಗಿ ಇಲ್ಲೇ ಪೂರ್ತಿ ಬೆಂದಿರಬೇಕು. ಜರಡಿಗೆ ಬಸಿದು ಕಾಲು ಗಂಟೆ ಹಾಗೇ ಬಿಡುತ್ತೇನೆ. ನಡುವೆ ಒಮ್ಮೆ ಕುಲುಕಿದರೆ ಅಡಿಯಲ್ಲಿ ಅಡಗಿದ್ದ ನೀರೂ ಇಳಿಯುತ್ತದೆ.

ಒಂದು ಲೋಟ ಹಸಿ ಬೇಳೆಗೆ ಒಂದು ಲೋಟ ಪುಡಿಬೆಲ್ಲ. ಸಿಹಿ ಇನ್ನೂ ಬೇಕು ಅಂತ ಬೆಲ್ಲ ಸುರಿದರೆ ಹೂರಣ ಅಂಟಂಟಾಗುತ್ತದೆ, ಕಾವಲಿಯ ಮೇಲೆ ಒಸರಿ ಕರಕಲಾಗುತ್ತದೆ. ಸಿಹಿ ಸಾಲದವರು ತಟ್ಟೆಯಲ್ಲಿ ಹಾಲು, ಸಕ್ಕರೆ ಹಾಕಿಕೊಳ್ಳಲಿ. ಬೆಲ್ಲದಲ್ಲಿ ಮರಳಿದ್ದರೆ ಒಂದೆರಡು ಚಮಚ ನೀರಲ್ಲೇ ಕರಗಿಸಿ ಸೋಸಿಕೊಳ್ಳಿ.

ಬೇಳೆಗೆ ಬೆಲ್ಲ ಸೇರಿದ ಕೂಡಲೇ ಎಲ್ಲ ನೀರಾಗಿಬಿಡುತ್ತದೆ. ಗಾಬರಿ ಬೇಡ. ದಪ್ಪ ತಳದ ಬಾಣಲೆ, ಸಣ್ಣ ಉರಿ, ತಳ ಕೆರೆದು ಕೆರೆದು ಕೈಯಾಡಿಸುವುದು. ಮೊದಲು ಗುಳುಗುಳು ಅನ್ನುತ್ತದೆ, ಆಮೇಲೆ ಪಟ್ ಪಟ್ ಅಂತ ಸಿಡಿಯತೊಡಗುತ್ತದೆ. ಕೈಗೆ ಹಾರಿದರೆ ಬೊಬ್ಬೆ ಗ್ಯಾರಂಟಿ, ಉದ್ದ ಹಿಡಿಯ ಸೌಟು ಹಿಡಿಯಿರಿ. ಸೌಟಿನಿಂದ ಗೆರೆ ಎಳೆದಾಗ ತಳ ಕಂಡು, ಗೆರೆ ಮುಚ್ಚಿಕೊಳ್ಳದೆ ನಿಂತರೆ ಇಳಿಸುತ್ತೇನೆ. ಆರಿದಾಗ ಇನ್ನೂ ಗಟ್ಟಿಯಾಗುತ್ತದೆ.

ರುಬ್ಬುವುದು ಬೆಚ್ಚಗಿರುವಾಗಲೇ, ಏಲಕ್ಕಿ ಹಾಕಿ. ಪೂರ್ತಿ ತಣ್ಣಗಾದರೆ ತರಿತರಿಯಾಗುತ್ತದೆ. ಒರಳಲ್ಲಿ ರುಬ್ಬಿದ ನುಣುಪು ಮಿಕ್ಸಿಗೆ ಬರುವುದಿಲ್ಲ, ನಿಜ. ಆದರೆ ಈಗ ಒರಳು ಎಷ್ಟು ಮನೆಯಲ್ಲಿದೆ? ಮಿಕ್ಸಿಯಲ್ಲೇ ಸ್ವಲ್ಪ ಸ್ವಲ್ಪ ಹಾಕಿ, ಒಂದು ತೊಟ್ಟೂ ನೀರು ಸೇರಿಸದೆ, ನಿಲ್ಲಿಸಿ ನಿಲ್ಲಿಸಿ ತಿರುಗಿಸುತ್ತೇನೆ. ಅಲ್ಲೊಂದು ಇಲ್ಲೊಂದು ಬೇಳೆ ಉಳಿದರೂ ತಟ್ಟುವಾಗ ಕಣಕಕ್ಕೆ ತೂತು.

ನಿಂಬೆಹಣ್ಣಿನ ಗಾತ್ರದ ಉಂಡೆ ಅಂಗೈಗೆ ಅಂಟಬಾರದು, ಒತ್ತಿದರೆ ಅಂಚು ಬಿರಿಯಬಾರದು. ಪಕ್ಕದಲ್ಲಿ ಕಣಕ ಇಟ್ಟು ಎರಡನ್ನೂ ಬೆರಳಿಂದ ಒತ್ತಿ ನೋಡುತ್ತೇನೆ. ಎರಡೂ ಒಂದೇ ಹದಕ್ಕೆ ತಗ್ಗಿದರೆ ಲಟ್ಟಣಿಗೆಯೇ ಬೇಡ, ಕೈಯಲ್ಲೇ ತೆಳ್ಳಗೆ ಹರಡುತ್ತದೆ. ಹೂರಣ ಸಡಿಲವಾಗಿದ್ದರೆ ಕೆಲವರು ಹುರಿಗಡಲೆ ಹಿಟ್ಟು ಬೆರೆಸುತ್ತಾರೆ. ನನಗೆ ಸೇರುವುದಿಲ್ಲ, ಬಾಯಿಗೆ ಬರೀ ಹಿಟ್ಟಿನ ರುಚಿ. ಮತ್ತೆ ಬಾಣಲೆಗೆ ಹಾಕಿ ಹತ್ತು ನಿಮಿಷ ಕೈಯಾಡಿಸುವುದೇ ವಾಸಿ.

ಉಳಿದ ಹೂರಣ ಫ್ರಿಜ್ಜಿನಲ್ಲಿ ಎರಡು ದಿನ ಚೆನ್ನಾಗಿರುತ್ತದೆ. ಅಲ್ಲಿ ಕಲ್ಲಾಗಿರುತ್ತದೆ, ತಟ್ಟುವ ಒಂದು ಗಂಟೆ ಮುಂಚೆಯೇ ಹೊರಗಿಡಿ.