ಚಿಕಿತ್ಸೆಯ ಖರ್ಚು-ಫಲದ ಲೆಕ್ಕ: ಅನಿಶ್ಚಿತತೆಯನ್ನು ನಿಭಾಯಿಸುವುದು ಹೇಗೆ?

ಹೊಸ ಚಿಕಿತ್ಸೆಗೆ ಹಾಕಿದ ದುಡ್ಡಿಗೆ ತಕ್ಕ ಆರೋಗ್ಯ ಸಿಗುತ್ತದೆಯೇ? ಇದಕ್ಕೆ ಒಂದೇ ಅಂಕಿಯ ಉತ್ತರ ಕೊಟ್ಟರೆ ಸಾಲದು. ಆ ಅಂಕಿ ಎಷ್ಟು ಅಲುಗಾಡುತ್ತದೆ ಎಂದೂ ತೋರಿಸಬೇಕು. ಹೆಚ್ಚಿನವರು ಇದನ್ನು ವರದಿಯ ಕೊನೆಗೆ ಶಾಸ್ತ್ರಕ್ಕೆ ಮಾಡಿ ಮುಗಿಸುತ್ತಾರೆ.

1. ಬಳಸಿದ ಪ್ರತಿ ಅಂಕಿಯನ್ನೂ ಅದರ ಮೂಲವನ್ನೂ ಪಟ್ಟಿ ಮಾಡಿ.

2. ಒಂದೊಂದೇ ಅಂಕಿಯನ್ನು ಏರಿಸಿ ಇಳಿಸಿ, ಟೊರ್ನಾಡೊ ಚಿತ್ರ (ಯಾವ ಅಂಕಿ ಉತ್ತರವನ್ನು ಎಷ್ಟು ಅಲುಗಾಡಿಸುತ್ತದೆ ಎಂದು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದ ಪಟ್ಟೆಗಳು) ಬರೆಯಿರಿ. ಎಲ್ಲದಕ್ಕೂ ಸುಮ್ನೆ ಶೇ 20 ಹೆಚ್ಚು-ಕಡಿಮೆ ಮಾಡುವ ಶಾರ್ಟ್‌ಕಟ್ ಬೇಡವೇ ಬೇಡ. ಚೆನ್ನಾಗಿ ಗೊತ್ತಿರುವುದಕ್ಕೂ ಊಹೆಗೂ ಒಂದೇ ಅಳತೆಯೇ?

3. ಪ್ರತಿ ಅಂಕಿಗೂ ಒಂದು ಹಂಚಿಕೆ ಕೊಡಿ, ಅಂದರೆ ಅದು ಯಾವ ಯಾವ ಬೆಲೆ ಎಷ್ಟು ಸಂಭವದಿಂದ ತಾಳಬಹುದು ಎಂಬ ಚಿತ್ರ. ಜನ ಎಡವುವುದು ಇಲ್ಲೇ. ಸಂಭವನೀಯತೆ 0 ಮತ್ತು 1ರ ನಡುವೆಯೇ ಇರಬೇಕು, ಹಾಗಾಗಿ ಬೀಟಾ ಎಂಬ ಹಂಚಿಕೆ. 100 ರೋಗಿಗಳಲ್ಲಿ 20 ಮಂದಿಗೆ ತೊಂದರೆ ಆಗಿದ್ದರೆ ಬೀಟಾ (20, 80), ಅಷ್ಟೇ. ಖರ್ಚು ಸೊನ್ನೆಗಿಂತ ಕೆಳಗಿಳಿಯದು, ಕೆಲವರದ್ದು ವಿಪರೀತ ಜಾಸ್ತಿ ಇರುತ್ತದೆ, ಅದಕ್ಕೆ ಗಾಮಾ ಹಂಚಿಕೆ. 100 ರೋಗಿಗಳ ಸರಾಸರಿ ಖರ್ಚು 5000, ಸ್ಟ್ಯಾಂಡರ್ಡ್ ಡೀವಿಯೇಷನ್ ಕೂಡ 5000 ಎಂದುಕೊಳ್ಳಿ. ಅನೇಕರು ಆ 5000ವನ್ನೇ ಗಾಮಾಗೆ ತುಂಬುತ್ತಾರೆ. ತಪ್ಪು! ಅದು ರೋಗಿಯಿಂದ ರೋಗಿಗೆ ಇರುವ ವ್ಯತ್ಯಾಸ. ನಮಗೆ ಬೇಕಿರುವುದು ಸರಾಸರಿಯ ಬಗೆಗಿನ ಅನುಮಾನ, ಅಂದರೆ ಸ್ಟ್ಯಾಂಡರ್ಡ್ ಎರರ್. 5000ವನ್ನು 100ರ ವರ್ಗಮೂಲದಿಂದ ಭಾಗಿಸಿದರೆ 500. ಆಗ ಗಾಮಾವನ್ನು ನಿರ್ಧರಿಸುವ ಎರಡು ಅಂಕಿಗಳು: ಶೇಪ್ 100, ಸ್ಕೇಲ್ 50. ಕನಿಷ್ಠ, ಗರಿಷ್ಠ, ಹೆಚ್ಚು ಸಂಭವನೀಯ ಎಂಬ ಮೂರೇ ಅಂಕಿ ಸಾಕಾಗುವ ತ್ರಿಕೋನ ಹಂಚಿಕೆ ಸುಲಭ ಅಂತ ಎಲ್ಲೆಡೆ ಬಳಸುವವರಿದ್ದಾರೆ. ನನಗದು ಸೋಮಾರಿತನವೇ.

4. ಈ ಹಂಚಿಕೆಗಳಿಂದ ಪ್ರತಿ ಸಲ ಹೊಸ ಅಂಕಿಗಳನ್ನು ಎತ್ತಿಕೊಂಡು, ಪೂರ್ತಿ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಸಾವಿರಾರು ಸಲ ಓಡಿಸಿ. ಹೊಸ ಮತ್ತು ಹಳೆಯ ಚಿಕಿತ್ಸೆ ಎರಡರಲ್ಲೂ ಬರುವ ಅಂಕಿಗೆ ಪ್ರತಿ ಓಟದಲ್ಲಿ ಒಂದೇ ಬೆಲೆ ಇರಲಿ.

5. ಪ್ರತಿ ಓಟದ ಐಸಿಇಆರ್ (ಹೆಚ್ಚುವರಿ ಖರ್ಚನ್ನು ಹೆಚ್ಚುವರಿ ಆರೋಗ್ಯದಿಂದ ಭಾಗಿಸಿದ ಅಂಕಿ) ತೆಗೆದು ಸರಾಸರಿ ಮಾಡಬೇಡಿ. ಖರ್ಚು ಇಳಿದು ಆರೋಗ್ಯ ಏರಿದರೂ ಅದು ಋಣ ಸಂಖ್ಯೆ. ಖರ್ಚು ಏರಿ ಆರೋಗ್ಯ ಇಳಿದರೂ ಋಣವೇ! ಅದರ ಬದಲು ನಿವ್ವಳ ಲಾಭ ನೋಡಿ: ಹೆಚ್ಚುವರಿ ಕ್ವಾಲಿಯನ್ನು (ಒಂದು ಕ್ವಾಲಿ ಎಂದರೆ ಪೂರ್ಣ ಆರೋಗ್ಯದ ಒಂದು ವರ್ಷಕ್ಕೆ ಸಮ) ಒಂದು ಕ್ವಾಲಿಗೆ ಕೊಡಲು ಸಿದ್ಧವಿರುವ ಹಣದಿಂದ ಗುಣಿಸಿ, ಹೆಚ್ಚುವರಿ ಖರ್ಚು ಕಳೆಯಿರಿ. ಎಷ್ಟು ಓಟಗಳಲ್ಲಿ ಇದು ಸೊನ್ನೆಗಿಂತ ಮೇಲಿದೆ ಎಂದು ಬೇರೆ ಬೇರೆ ಹಣದ ಮಿತಿಗಳಿಗೆ ಎಣಿಸಿದರೆ, ಯಾವ ಮಿತಿಗೆ ಹೊಸ ಚಿಕಿತ್ಸೆ ಲಾಭಕರವಾಗುವ ಸಂಭವ ಎಷ್ಟು ಎಂದು ತೋರಿಸುವ ಗ್ರಾಫ್ ಸಿದ್ಧ.

ಇಷ್ಟಾದರೂ ಮಾದರಿಯ, ಅಂದರೆ ಲೆಕ್ಕದ ಚೌಕಟ್ಟಿನ, ರಚನೆಯ ಬಗೆಗಿನ ಅನುಮಾನ ಹಾಗೇ ಉಳಿಯುತ್ತದೆ. 2 ವರ್ಷದ ಪ್ರಯೋಗವನ್ನು 20 ವರ್ಷಕ್ಕೆ ಎಳೆಯುವಾಗ ಕಾಲ ಕಳೆದಂತೆ ಎಷ್ಟು ರೋಗಿಗಳು ಉಳಿಯುತ್ತಾರೆ ಎಂದು ಅಂದಾಜಿಸುವ ವೈಬುಲ್ ರೇಖೆಯೂ ಲಾಗ್-ನಾರ್ಮಲ್ ರೇಖೆಯೂ ಮೊದಲ 2 ವರ್ಷ ಒಂದರ ಮೇಲೊಂದು ಕೂರಬಹುದು, ಆಮೇಲೆ ದಾರಿ ಬೇರೆ. ಎರಡರಲ್ಲೂ ಪೂರ್ತಿ ಲೆಕ್ಕ ಓಡಿಸಿ, ಫಲಿತಾಂಶವನ್ನು ಅಕ್ಕಪಕ್ಕ ಮುಖ್ಯ ಪುಟದಲ್ಲೇ ಹಾಕಿ, ಅನುಬಂಧದಲ್ಲಿ ಬಚ್ಚಿಡಬೇಡಿ.